ಮಂಗಳವಾರ ಬಿಟ್ಟು ಮಂಗಳವಾರ

ಇದ್ದದ್ದು ಒಂದೇ ಹಾಳೆ. ಅದನ್ನು ಅವನು ಬೆಳಿಗ್ಗೆಯಿಂದ ಏಳನೆಯ ಸಲ ಓದುತ್ತಿದ್ದ. ನಾಲ್ಕನೇ ಮಹಡಿಯ ಕಾರಿಡಾರಿನಲ್ಲಿ ಜೆರಾಕ್ಸ್ ಯಂತ್ರ ಬಿಸಿಯಾಗಲಿ ಎಂದು ಕಾಯುತ್ತಾ ನಿಂತವನ ಕಣ್ಣು ಹತ್ತನೇ ಸಾಲು ಮುಗಿಸಿ ನೇರವಾಗಿ ಹನ್ನೆರಡಕ್ಕೆ ಹಾರುತ್ತಿತ್ತು, ಮತ್ತೆ ಅದನ್ನು ಕಿವಿ ಹಿಂಡಿ ಹನ್ನೊಂದಕ್ಕೆ ಎಳೆದು ತರಬೇಕಾಗುತ್ತಿತ್ತು. ಹನ್ನೊಂದನೇ ಸಾಲು ಹೀಗಿತ್ತು: ಉತ್ತರದ ಕೆಸರುಬಯಲಿನಲ್ಲಿ ಉಗುರುಚಿಪ್ಪು ಇಲ್ಲ. ನಾಲ್ಕು ಪದ. ವ್ಯಾಕರಣ ತಪ್ಪಿಲ್ಲ, ಕಾಗುಣಿತ ತಪ್ಪಿಲ್ಲ, ಅಕ್ಷರಗಳು ದುಂಡಗೆ ಒಳ್ಳೆಯ ಮನೆತನದವರ ಹಾಗೆ ಕೂತಿವೆ. ಹನ್ನೊಂದು ಗಂಟೆಗೆ ಸಭೆ. ಅಳಿವೆಯ ರಕ್ಷಣಾ ರೇಖೆ ಎಲ್ಲಿಂದ ಎಲ್ಲಿಗೆ ಹಾದುಹೋಗಬೇಕೆಂದು ಇವತ್ತು ನಿರ್ಧಾರವಾಗುತ್ತದೆ. ಕೆಸರಿನಲ್ಲಿ ತೂತು ಕೊರೆದು ಬದುಕುವ ಆ ಚಿಪ್ಪುಜೀವಿ, ಉಗುರುಚಿಪ್ಪು, ಇದ್ದರೆ ಉತ್ತರದ ಕೆಸರುಬಯಲು ರೇಖೆಯ ಒಳಗೆ, ಇಲ್ಲದಿದ್ದರೆ ಹೊರಗೆ. ಹೊರಗೆ ಎಂದರೆ ಮುಂದಿನ ವರ್ಷದ ಹೊತ್ತಿಗೆ ಅಲ್ಲಿ ಮಣ್ಣು ಸುರಿದು, ಕಾಂಕ್ರೀಟು ಹಾಸಿ, ಹಡಗಿನ ಸರಕು ಇಳಿಸುವ ಅಂಗಳ ಕಟ್ಟುತ್ತಾರೆ. ಒಂದು ನದಿ ಕಡಲು ಸೇರುವ ಬಾಯಿಯನ್ನು ನಾಲ್ಕು ಪದದಲ್ಲಿ ಮುಚ್ಚಿಸಬಹುದು ಎಂದು ಅವನಿಗೆ ಮೊದಲು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದುಕೊಂಡದ್ದು ಸುಳ್ಳು ಎನ್ನುವುದೂ ಅವನಿಗೆ ಗೊತ್ತಿತ್ತು. ಯಂತ್ರದ ಹಸಿರು ದೀಪ ಹತ್ತಿಕೊಂಡಿತು, ಅವನು ಹದಿನೆಂಟು ಪ್ರತಿ ತೆಗೆದ.

ಅವನ ಹುದ್ದೆಯ ಹೆಸರು ಕೊಂಡಿ ಅಧಿಕಾರಿ. ವಿಜ್ಞಾನಿಗಳು ಒಂದು ಕಡೆ, ನೀತಿ ಮಾಡುವವರು ಇನ್ನೊಂದು ಕಡೆ, ಇಬ್ಬರ ನಡುವೆ ಒಂದು ಕೊಂಡಿ ಬೇಕು ಎಂದು ಯಾವುದೋ ಸಮ್ಮೇಳನದಲ್ಲಿ, ಊಟ ಚೆನ್ನಾಗಿ ಆಗಿದ್ದ ಹೊತ್ತಿನಲ್ಲಿ, ಯಾರೋ ಹೇಳಿದ್ದರು. ಎಲ್ಲರೂ ತಲೆಯಾಡಿಸಿದ್ದರು. ಆಮೇಲೆ ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ ಬಾಗಿಲಿಗೆ ‘ಕೊಂಡಿ ಘಟಕ’ ಎಂದು ಫಲಕ ಹೊಡೆದರು. ಕುರ್ಚಿಗಳಲ್ಲಿ ಎರಡು ಇನ್ನೂ ಅಲ್ಲೇ ಉಳಿದಿದ್ದವು, ಒಂದರ ಮೇಲೆ ಅವನು ಕೂರುತ್ತಿದ್ದ. ಗೋಡೆಯ ಮೇಲೆ ‘ನಮ್ಮ ಅಳಿವೆ, ನಮ್ಮ ಹೆಮ್ಮೆ’ ಎಂಬ ಭಿತ್ತಿಪತ್ರ ಇತ್ತು. ಅದರಲ್ಲಿ ರೆಕ್ಕೆ ಬಿಚ್ಚಿ ನಿಂತಿರುವ ಹಕ್ಕಿ ಈ ಅಳಿವೆಯಲ್ಲಿ ಎಂದೂ ಇಳಿದದ್ದಲ್ಲ, ಭೂಮಿಯ ಆಚೆ ಬದಿಯ ಯಾವುದೋ ಮಂಜಿನ ದ್ವೀಪದ್ದು; ಅಂತರ್ಜಾಲದಲ್ಲಿ ಬಿಟ್ಟಿ ಸಿಕ್ಕಿತೆಂದು ಮುದ್ರಣದವನು ಹಾಕಿದ್ದ. ಈ ಅಳಿವೆಯ ಸಮೀಕ್ಷೆ ಮಾಡುವ ವಿಜ್ಞಾನಿ ಅವನ ಸ್ವಂತ ಅಕ್ಕ; ಅವಳು ಮೊದಲ ಸಲ ಆ ಕೋಣೆಗೆ ಬಂದಾಗ ಅದನ್ನು ಬಹಳ ಹೊತ್ತು ನೋಡಿ, ಪಾಪ, ದಾರಿ ತಪ್ಪಿದೆ, ಎಂದಷ್ಟೇ ಹೇಳಿದ್ದಳು. ಕಚೇರಿಯವರು ಅವನನ್ನು ಬೆನ್ನ ಹಿಂದೆ ಚೇಳು ಎನ್ನುತ್ತಿದ್ದರು, ಕೊಂಡಿ ಇರುವುದು ಚೇಳಿಗೆ ತಾನೆ ಎಂದು. ಅದು ಕಿವಿಗೆ ಬಿದ್ದ ದಿನ ಅವನಿಗೆ ಸಿಟ್ಟು ಬರಲಿಲ್ಲ, ಒಳಗೊಳಗೇ ನಾಚಿಕೆಯಾಯಿತು. ಚೇಳು ಜನ್ಮದಲ್ಲಿ ಒಂದು ಸಲವಾದರೂ ಯಾರನ್ನಾದರೂ ಕುಟುಕುತ್ತದೆ. ಅವನು ಇಪ್ಪತ್ತು ವರ್ಷದಿಂದ ಯಾರ ಚರ್ಮವನ್ನೂ ಮುಟ್ಟಿರಲಿಲ್ಲ.

ಕೊಂಡಿ ಅಧಿಕಾರಿಯ ಕೆಲಸ ದಪ್ಪ ವರದಿಯನ್ನು ತೆಳ್ಳಗೆ ಮಾಡುವುದು. ನಿರ್ದೇಶಕರು ಈ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ದೊಡ್ಡವರು ಹಾಳೆ ತಿರುಗಿಸುವುದಿಲ್ಲ, ಆದ್ದರಿಂದ ಹಾಳೆ ಒಂದೇ ಇರಬೇಕು. ಒಂದೇ ಹಾಳೆಯಲ್ಲಿ ‘ಬಹುಶಃ’, ‘ಇರಬಹುದು’, ‘ಸಾಧ್ಯತೆ’ ಇವಕ್ಕೆಲ್ಲ ಜಾಗವಿಲ್ಲ. ಬಹುಶಃ ಅಂತ ಬರೆಯೋದಕ್ಕೆ ನಮಗೆ ಯಾಕ್ರೀ ಸಂಬಳ, ಅದನ್ನ ನಮ್ಮ ಮನೆಯವಳೂ ಹೇಳ್ತಾಳೆ, ಎಂದು ಅವರು ವರ್ಷಕ್ಕೆ ಹತ್ತು ಸಲ ಹೇಳಿ ಹತ್ತು ಸಲವೂ ತಾವೇ ನಗುತ್ತಿದ್ದರು. ಅಕ್ಕನ ವರದಿ ಇನ್ನೂರ ಹನ್ನೆರಡು ಪುಟ. ನೂರ ನಲವತ್ತಮೂರನೇ ಪುಟದಲ್ಲಿ ಅವಳು ಬರೆದಿದ್ದಳು: ಸಮೀಕ್ಷೆ ನಡೆದ ಮೂರೂ ದಿನ ನೀರು ಏರಿದ್ದ ಕಾರಣ ಉತ್ತರದ ಕೆಸರುಬಯಲಿನಲ್ಲಿ ಉಗುರುಚಿಪ್ಪು ಕಂಡುಬಂದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ, ಒಂದು ಎಳೆಯೂ ಆಚೀಚೆ ಆಗದ ವಾಕ್ಯ. ಅದರಿಂದ ಅವನು ಮೊದಲು ‘ಸಮೀಕ್ಷೆ ನಡೆದ ಮೂರೂ ದಿನ’ ಎನ್ನುವುದನ್ನು ತೆಗೆದ, ಆಮೇಲೆ ‘ನೀರು ಏರಿದ್ದ ಕಾರಣ’. ಉಳಿದ ‘ಕಂಡುಬಂದಿಲ್ಲ’ ಒಂಟಿಯಾಗಿ ವಿಚಿತ್ರವಾಗಿ ಕಂಡಿತು, ಯಾಕೆ ಕಂಡುಬಂದಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುವಂತೆ. ಆದ್ದರಿಂದ ಅದನ್ನೂ ‘ಇಲ್ಲ’ ಮಾಡಿದ. ಜಾಗ ಸಾಲಲಿಲ್ಲ ಎನ್ನುವುದು ನೆಪ. ಹಾಳೆಯ ಕೆಳಗೆ ಮೂರು ಬೆರಳಿನಷ್ಟು ಬಿಳಿ ಉಳಿದಿತ್ತು.

ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ಇದೇ ಹಾಳೆ ಬಿದ್ದಿದ್ದಾಗ ಹೆಂಡತಿ ಅದನ್ನು ಎತ್ತಿ, ಕನ್ನಡಕವಿಲ್ಲದೆ ತೋಳಿನಷ್ಟು ದೂರ ಹಿಡಿದು ಓದಿದ್ದಳು. ಅವಳು ಪ್ರೌಢಶಾಲೆಯಲ್ಲಿ ಗಣಿತ ಹೇಳುವವಳು, ತಪ್ಪು ಎಲ್ಲಿದೆ ಎಂದು ಹುಡುಕುವುದಿಲ್ಲ, ತಪ್ಪೇ ಎದ್ದು ಅವಳ ಬಳಿಗೆ ಬರುತ್ತದೆ. ಅತ್ತಿಗೆ ಹೀಗೆ ಬರೆದಿದ್ದಾರಾ, ಎಂದಳು. ಸಾರಾಂಶ ಕಣೇ ಇದು, ಎಂದ. ಸಾರ ತೆಗೆದ ಮೇಲೆ ಉಳಿಯೋದಾ, ಎಂದು ಕೇಳಿ ಹಾಳೆಯನ್ನು ಇದ್ದಲ್ಲೇ ಇಟ್ಟು ತಟ್ಟೆಗಳನ್ನು ಒಳಗೆ ಒಯ್ದಳು. ಬೆಳಿಗ್ಗೆ ಅವನು ಶೂ ಕಟ್ಟಿಕೊಳ್ಳುವಾಗಲೂ ಆ ಮಾತು ಎತ್ತಲಿಲ್ಲ, ಸಂಜೆ ಬರುವಾಗ ಬಲ್ಬು ತನ್ನಿ ಎಂದಳು. ಅವಳು ಜಗಳವಾಡಿದ್ದರೆ ಅವನಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಜಗಳದಲ್ಲಿ ಅವನ ಬಾಯಿ ಚುರುಕು, ಬೇಕಾದ ಕಾರಣಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಬಲ್ಬಿಗೆ ಏನು ಉತ್ತರ ಕೊಡುವುದು.

ಹಾಗೆ ನೋಡಿದರೆ ಅವನೂ ಒಂದು ಕಾಲದಲ್ಲಿ ಆ ಕೆಸರಿಗೆ ಇಳಿದವನೇ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅಕ್ಕನ ಕೈಕೆಳಗೆ ಸಂಶೋಧನೆ ಮಾಡುತ್ತೇನೆಂದು ಹೊರಟಿದ್ದ. ಹೊಸ ರಬ್ಬರ್ ಬೂಟು, ಕುತ್ತಿಗೆಗೆ ದುರ್ಬೀನು. ಮೂರನೇ ದಿನ, ಚಿಪ್ಪು ಹೆಕ್ಕುವ ಹೆಂಗಸರು ಹೋಗುವ ಜಾಡು ಬಿಟ್ಟು ತನ್ನದೇ ಅಡ್ಡದಾರಿಯಲ್ಲಿ ನಡೆದು ತೊಡೆಯವರೆಗೆ ಹೂತುಕೊಂಡ. ಒಂದು ಕಾಲು ಎತ್ತಿದರೆ ಇನ್ನೊಂದು ಒಳಗೆ ಹೋಗುತ್ತಿತ್ತು. ಕೆಸರಿಗೆ ಅಂಥ ಬಾಯಿ ಇರುತ್ತದೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನು ಕೂಗಿದ, ಏನೆಂದು ಕೂಗಿದ ಎನ್ನುವುದು ಮುಖ್ಯವಲ್ಲ, ಆದರೆ ಹೆಂಗಸರು ಅದನ್ನೇ ಅವನ ಧ್ವನಿಯಲ್ಲೇ ತಿರುಗಿ ಕೂಗಿ ಬುಟ್ಟಿ ಕೆಳಗಿಟ್ಟು ನಕ್ಕರು. ಅಕ್ಕ ಒಂದು ಹಲಗೆಯನ್ನು ಜಾರಿಸಿಕೊಂಡು ಬಂದಳು. ಒದ್ದಾಡ್ಬೇಡ ಕಣೋ, ಬೋರಲು ಮಲಕ್ಕೋ, ಎಂದಳು. ಅಷ್ಟು ಜನರ ಎದುರು, ಹೊಸ ದುರ್ಬೀನು ಸಮೇತ, ಅವನು ಕೆಸರಿನಲ್ಲಿ ಬೋರಲು ಮಲಗಿದ. ಬಾಯಿಗೆ ಉಪ್ಪುಪ್ಪಾದ, ಕೊಳೆತ ವಾಸನೆಯ, ಆದರೆ ಏನೋ ಬದುಕಿರುವಂಥ ರುಚಿ ಬಂತು. ಅಕ್ಕ ಕಂಕುಳಿಗೆ ಕೈ ಹಾಕಿ ಎಳೆದು ಹಲಗೆಯ ಮೇಲೆ ಹಾಕಿ, ಅವನ ಮುಖವನ್ನು ತನ್ನ ತೋಳಿನಿಂದ ಒರೆಸುತ್ತಾ, ಅಲ್ಲೇ ಪಕ್ಕದಲ್ಲಿದ್ದ ಒಂದು ಪುಟ್ಟ ತೂತನ್ನು ತೋರಿಸಿದಳು: ನೋಡು, ನಿನ್ನ ಮೂಗಿನ ಹತ್ತಿರಾನೇ ಉಗುರುಚಿಪ್ಪಿನ ಮನೆ ಇದೆ. ಅವನನ್ನು ಉಳಿಸಿದ್ದು, ಆ ತೂತು ಕಂಡದ್ದು, ಎರಡೂ ಅವಳಿಗೆ ಒಂದೇ ತೂಕದ ಸಂತೋಷ. ಎರಡು ತಿಂಗಳಿಗೆ ಅವನು ಸಂಶೋಧನೆ ಬಿಟ್ಟ. ಕೆಸರಲ್ಲಿ ಚಿಪ್ಪು ಎಣಿಸೋದರಿಂದ ಏನೂ ಆಗಲ್ಲ, ನಿರ್ಧಾರ ಮಾಡೋ ಕಡೆ ನಾವಿರಬೇಕು, ಎಂದು ಮನೆಯಲ್ಲಿ ಭಾಷಣ ಮಾಡಿದ್ದ. ಅಕ್ಕ ನಂಬಿದಳು. ಅವಳು ಇವತ್ತಿಗೂ ನಂಬಿಕೊಂಡೇ ಇದ್ದಾಳೆ, ಅದೇ ತೊಂದರೆ.

ಅವಳ ವಾಕ್ಯದಿಂದ ಅವನು ತೆಗೆದುಹಾಕಿದ ನೀರಿನ ಮಾತು ಅವನಿಗೇ ಸಂಬಂಧಪಟ್ಟದ್ದು. ಸಮೀಕ್ಷೆಗೆ ಇಲಾಖೆಯ ದೋಣಿ ಬೇಕಿತ್ತು, ದೋಣಿಯ ದಿನ ಗೊತ್ತು ಮಾಡುವುದು ಕೊಂಡಿ ಅಧಿಕಾರಿಯ ಕೆಲಸ. ದೋಣಿಗೆ ಕಚೇರಿ ವೇಳೆ. ಹನ್ನೊಂದಕ್ಕೆ ಹೊರಟು ಒಂದಕ್ಕೆ ಮರಳಬೇಕು, ಆಮೇಲೆ ಓಡಿಸುವವನ ಊಟ. ಅವನು ಕ್ಯಾಲೆಂಡರ್ ತೆಗೆದು ವಾರ ಬಿಟ್ಟು ವಾರ ಮೂರು ಮಂಗಳವಾರಗಳಿಗೆ ಸುತ್ತು ಹಾಕಿದ. ನೋಡಲು ಅಚ್ಚುಕಟ್ಟಾಗಿತ್ತು. ಕಡಲಿನ ಏರಿಳಿತವೂ ಹೆಚ್ಚುಕಡಿಮೆ ಹದಿನೈದು ದಿನಕ್ಕೊಮ್ಮೆ ಅದೇ ಹೊತ್ತಿಗೆ ಮರಳುತ್ತದೆ, ಮೊದಲ ಮಂಗಳವಾರ ಮಧ್ಯಾಹ್ನ ನೀರು ತುಂಬಿದ್ದರೆ ವಾರ ಬಿಟ್ಟು ಬರುವ ಪ್ರತಿ ಮಂಗಳವಾರವೂ ಅರ್ಧ ಮುಕ್ಕಾಲು ಗಂಟೆಯ ವ್ಯತ್ಯಾಸದಲ್ಲಿ ತುಂಬಿಯೇ ಇರುತ್ತದೆ. ಇದನ್ನು ಅಕ್ಕ ಅವನಿಗೆ ಕಲಿಸಿದ್ದು ಮೊದಲನೇ ದಿನ. ಅದೇ ಮಂಗಳವಾರಗಳಂದು ಬೆಳಗಿನ ಜಾವ ಆರಕ್ಕೆ, ಮತ್ತೆ ಸಂಜೆ ಆರಕ್ಕೆ, ನೀರು ಮೈಲಿಗಟ್ಟಲೆ ಹಿಂದೆ ಸರಿದು ಬಯಲು ಬೋಳಾಗಿ ಬಿದ್ದಿರುತ್ತಿತ್ತು. ಮಧ್ಯಾಹ್ನ ಇಲಾಖೆಯ ದೋಣಿ ಆಳೆತ್ತರದ ನೀರಿನ ಮೇಲೆ ಹೋಗಿ, ಕೆಳಗೆ ಏನೂ ಕಾಣದೆ, ಫೋಟೊ ತೆಗೆದುಕೊಂಡು ಬರುತ್ತಿತ್ತು. ಎರಡನೇ ಮಂಗಳವಾರದ ಮೇಲೆ ಅಕ್ಕ ಫೋನ್ ಮಾಡಿದ್ದಳು. ದಿನ ಸ್ವಲ್ಪ ಬದಲಾಯಿಸೋಕೆ ಆಗುತ್ತೇನೋ, ಎಂದಿದ್ದಳು. ಅವನಿಗೆ ಆ ಕ್ಷಣ ಎಲ್ಲ ಹೊಳೆದುಹೋಗಿತ್ತು. ಆದರೆ ಬದಲಾಯಿಸಬೇಕಾದರೆ ಕಾರಣ ಬರೆಯಬೇಕು, ಕಾರಣ ಬರೆದರೆ ಕೊಂಡಿ ಅಧಿಕಾರಿಗೆ ಭರತ ಇಳಿತ ಗೊತ್ತಿಲ್ಲ ಎಂದು ನಾಲ್ಕು ಮೇಜು ದಾಟಿ ಹೋಗಬೇಕು. ಆದೇಶ ಆಗಿಹೋಗಿದೆ ಅಕ್ಕ, ಎಂದಿದ್ದ. ಅವಳು, ಆಯ್ತು ಬಿಡು, ನಾನು ಏನೋ ಬರೀತೀನಿ, ಎಂದಿದ್ದಳು. ಅವಳು ಬರೆದದ್ದು ಅದೇ: ನೀರು ಏರಿದ್ದ ಕಾರಣ. ಯಾರು ಆ ದಿನಗಳನ್ನು ಆರಿಸಿದರು ಎನ್ನುವುದನ್ನು ಬಿಟ್ಟು, ತಮ್ಮನ ಹೆಸರಿನ ಸುತ್ತ ನಯವಾಗಿ ಬಳಸಿಕೊಂಡು ಹೋಗಿದ್ದಳು. ಸುಳ್ಳು ಹೇಳದೆ ಒಬ್ಬನನ್ನು ಕಾಪಾಡುವುದು ಹೇಗೆ ಎಂದು ಅವಳಿಗೆ ಗೊತ್ತು. ಅವಳ ವಾಕ್ಯ ಕೊಟ್ಟ ಆ ನೆರಳೂ ಅವನಿಗೆ ಸಾಲಲಿಲ್ಲ, ಅದನ್ನೂ ಅಳಿಸಿದ.

ಸಭೆಗೆ ಇನ್ನೂ ಅರ್ಧ ಗಂಟೆ ಇತ್ತು. ಕಾಫಿ ಕುಡಿಯಲೆಂದು ಕೆಳಗಿಳಿದು ಹಿಂದಿನ ಗೇಟಿನಿಂದ ಹೊರಗೆ ಹೋದ. ಕಚೇರಿಯ ಹಿಂಬದಿಯ ಗೋಡೆಗೆ ಒರಗಿಕೊಂಡೇ ಮೀನಿನ ಸಾಲು. ಕೊನೆಯಲ್ಲಿ ಕೂತಿದ್ದ ಮುದುಕಿಯ ಮುಂದೆ ಒದ್ದೆ ಗೋಣಿಯ ಮೇಲೆ ಉಗುರುಚಿಪ್ಪಿನ ರಾಶಿ, ಬೆರಳುದ್ದದವು, ಒಂದೆರಡು ಇನ್ನೂ ನಾಲಿಗೆ ಚಾಚಿ ಗೋಣಿಯನ್ನು ತಡವುತ್ತಿದ್ದವು. ಇಲಾಖೆಯ ಗೋಡೆಯಿಂದ ಎಂಟು ಹೆಜ್ಜೆ ದೂರದಲ್ಲಿ ಇಲಾಖೆಯ ಪ್ರಕಾರ ಇಲ್ಲದ ಪ್ರಾಣಿ, ಪಾವಿನಲ್ಲಿ ಅಳೆದು ಮಾರಾಟವಾಗುತ್ತಿತ್ತು. ಅದನ್ನು ಕಂಡು ಅವನಿಗೆ ನಗು ಬಂತು, ಆ ನಗುವೂ ಕಚೇರಿಯದೇ, ತುಟಿಯಲ್ಲೇ ಮುಗಿಯುವಂಥದು. ನಿಯಮದ ಪ್ರಕಾರ ಮಾರುಕಟ್ಟೆಯಲ್ಲಿ ಕಂಡದ್ದು ಕಂಡದ್ದಲ್ಲ. ಮಾನ್ಯ ಸಮೀಕ್ಷೆಯಲ್ಲಿ, ಮಾನ್ಯ ದೋಣಿಯಿಂದ, ಮಾನ್ಯ ನಮೂನೆಯಲ್ಲಿ ಕಾಣಬೇಕು. ಮುದುಕಿ ತಲೆಯೆತ್ತಿದಳು.

“ನೀವು ಡಾಕ್ಟರಮ್ಮನ ತಮ್ಮ ಅಲ್ವಾ?”

ಅಕ್ಕನಿಗೆ ಅಲ್ಲಿ ಡಾಕ್ಟರಮ್ಮ ಎಂದೇ ಹೆಸರು. ಒಂದಿಬ್ಬರು ಅವಳ ಬಳಿ ಕೆಮ್ಮಿಗೆ ಔಷಧಿಯನ್ನೂ ಕೇಳಿದ್ದರಂತೆ.

“ಹೌದು,” ಎಂದ.

“ಅವತ್ತು ಹೂತ್ಕೊಂಡಿದ್ರಲ್ಲ, ನಾನೂ ಇದ್ದೆ.” ಮುದುಕಿ ಇದ್ದ ಮೂರು ಹಲ್ಲಿನಲ್ಲೇ ನಕ್ಕಳು. ಇಪ್ಪತ್ತು ವರ್ಷ ಕಳೆದಿದೆ, ಹಲ್ಲು ಬಿದ್ದುಹೋಗಿವೆ, ನಗು ಮಾತ್ರ ಹಾಗೇ ಇತ್ತು. “ಇವತ್ತು ಮೇಲ್ಗಡೆ ನಮ್ಮ ಬಯಲಿಂದು ಏನೋ ಮೀಟಿಂಗಂತೆ. ಡಾಕ್ಟರಮ್ಮ ಹೇಳಿದ್ರು, ತಮ್ಮ ಇದಾನೆ, ನೋಡ್ಕೋತಾನೆ ಅಂತ.”

“ನೋಡೋಣ.”

“ಒಂದು ಪಾವು ಕಟ್ಕೊಡ್ಲಾ? ಕಾಸು ಬೇಡ. ನಿಮ್ಮ ಸಾಹೇಬ್ರಿಗೆ ತೋರ್ಸಿ.”

ಬೇಡ ಎಂದ, ಸಭೆಯಿದೆ, ಕೈ ವಾಸನೆಯಾಗುತ್ತದೆ ಎಂದ. ಹೇಳಿದ ಮೇಲೆ ಆ ಮಾತು ಎಷ್ಟು ಅಸಹ್ಯವಾಗಿದೆ ಎಂದು ಅವನಿಗೇ ಕೇಳಿಸಿತು. ಮುದುಕಿಗೆ ಬೇಸರವಾದಂತೆ ಕಾಣಲಿಲ್ಲ, ಹೌದು ಹೌದು, ನಿಮ್ಮದು ಕಾಗದದ ಕೆಲಸ, ಎಂದು ಚಿಪ್ಪುಗಳ ಮೇಲೆ ನೀರು ಚಿಮುಕಿಸಿದಳು. ಅವನು ಕಾಫಿ ಕುಡಿಯದೇ ಹಿಂದಿರುಗಿದ. ಮೆಟ್ಟಿಲು ಹತ್ತುವಾಗ ಒಂದು ತೀರ್ಮಾನಕ್ಕೆ ಬಂದಿದ್ದ: ಸಭೆಯಲ್ಲಿ ಎದ್ದು ನಿಂತು ಹನ್ನೊಂದನೇ ಸಾಲು ತಪ್ಪು ಎನ್ನುತ್ತೇನೆ, ಮಂಗಳವಾರಗಳನ್ನು ಆರಿಸಿದವನು ನಾನು ಎನ್ನುತ್ತೇನೆ. ಎರಡನೇ ಮಹಡಿಗೆ ಬರುವಷ್ಟರಲ್ಲಿ ಆ ವಾಕ್ಯವನ್ನು ಎಷ್ಟು ಚೆನ್ನಾಗಿ ಜೋಡಿಸಿಕೊಂಡಿದ್ದನೆಂದರೆ, ಮೂರನೇ ಮಹಡಿಯಲ್ಲಿ ತನ್ನ ಧೈರ್ಯಕ್ಕೆ ತಾನೇ ಸಣ್ಣಗೆ ಕರಗಿಹೋದ. ನಾಲ್ಕನೇ ಮಹಡಿಯಲ್ಲಿ ಏದುಸಿರು ಮಾತ್ರ ಉಳಿದಿತ್ತು.

ಸಭಾಂಗಣದಲ್ಲಿ ಎಸಿಯ ಚಳಿ. ಉದ್ದ ಮೇಜಿನ ಮೇಲೆ ಪ್ರತಿಯೊಬ್ಬರ ಮುಂದೆ ಒಂದೊಂದು ಪ್ಲಾಸ್ಟಿಕ್ ಬಾಟಲಿ ನೀರು, ಒಂದು ತಟ್ಟೆ ಬಿಸ್ಕತ್ತು, ಒಂದು ಹಾಳೆ. ಕಡಲನ್ನು ಉಳಿಸಲು ಸೇರುವ ಸಭೆಗಳಲ್ಲಿ ಪ್ಲಾಸ್ಟಿಕ್ ಬಾಟಲಿಗಳ ಸಂಖ್ಯೆ ಯಾವಾಗಲೂ ಸ್ವಲ್ಪ ಹೆಚ್ಚು. ಕಾರ್ಯದರ್ಶಿಗಳು ನಡುವೆ ಕೂತಿದ್ದರು, ಅವರ ಬಲಕ್ಕೆ ನಿರ್ದೇಶಕರು. ಗೋಡೆಯ ಪಕ್ಕದ ಎರಡನೇ ಸಾಲಿನಲ್ಲಿ, ‘ವಿಶೇಷ ಆಹ್ವಾನಿತರು’ ಎಂಬ ಚೀಟಿ ಅಂಟಿಸಿದ್ದ ಕುರ್ಚಿಯಲ್ಲಿ ಅಕ್ಕ. ವಿಶೇಷ ಆಹ್ವಾನಿತರಿಗೆ ಮೇಜಿನ ಬಳಿ ಜಾಗವಿಲ್ಲ, ಬಿಸ್ಕತ್ತೂ ಇಲ್ಲ, ಕೇಳಿದರೆ ಮಾತ್ರ ಮಾತು. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು, ಬಿಸಿಲಿಗೆ ಸುಟ್ಟ ಕೈ ಮಾತ್ರ ಆ ಸೀರೆಗೆ ಸೇರಿದ್ದಲ್ಲ ಎನ್ನುವ ಹಾಗೆ ತೊಡೆಯ ಮೇಲೆ ಬಿದ್ದಿತ್ತು. ಕಚೇರಿಯಲ್ಲಿ ಇಬ್ಬರೂ ಅಪರಿಚಿತರ ಹಾಗೆ ಇರಬೇಕೆಂದು ಅವನೇ ಗೊತ್ತು ಮಾಡಿದ್ದ, ವರದಿ ಬರೆದವರೂ ಸಾರಾಂಶ ಮಾಡಿದವರೂ ಒಂದೇ ಮನೆಯವರು ಎಂದು ಯಾರೂ ಬೆರಳು ತೋರಿಸಬಾರದು ನೋಡು ಎಂದು. ಹಾಗಾಗಿ ನಾಲ್ಕು ಜನರ ಎದುರು ಅವಳು ಅವನಿಗೆ ಸರ್, ಅವನು ಅವಳಿಗೆ ಮೇಡಂ. ಹೊರಗೆ ಬಂದ ಕೂಡಲೇ ಅವಳು, ಏನೋ ಸರ್, ಕಾಫಿ ಕುಡಿಸ್ತೀಯೇನೋ, ಎಂದು ಬೆನ್ನಿಗೆ ಗುದ್ದುತ್ತಿದ್ದಳು. ಈಗ ಅವಳ ಕೈಗೂ ಯಾರೋ ಹಾಳೆ ಕೊಟ್ಟರು. ಅವಳು ಓದುವುದನ್ನು ಅವನು ನೋಡಿದ. ಹನ್ನೊಂದನೇ ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು. ತಲೆಯೆತ್ತಿ ಅವನನ್ನು ಹುಡುಕಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬೆರಳಚ್ಚಿನವರು ತಪ್ಪು ಮಾಡಿದ್ದಾರೆ, ನೀನು ಸರಿ ಮಾಡ್ತೀಯಲ್ಲ, ಎನ್ನುವಂತೆ ಹುಬ್ಬು ಎತ್ತಿದಳು.

ಕಾರ್ಯದರ್ಶಿಗಳಿಗೆ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸ. ಹನ್ನೊಂದನೇ ಸಾಲಿನವರೆಗೆ ಏರಿ ನಿಂತರು.

“ಚಿಪ್ಪು ಇಲ್ಲ. ಸರಿ. ಹಾಗಾದ್ರೆ ಉತ್ತರದ ಭಾಗ ಹೊರಗೆ ಬಿಡೋದಕ್ಕೆ ಅಡ್ಡಿ ಇಲ್ಲ ಅಲ್ವಾ?”

“ನಾನು ಹಾಗೆ ಬರೆದಿಲ್ಲ,” ಎಂದು ಗೋಡೆಯ ಕಡೆಯಿಂದ ಧ್ವನಿ ಬಂತು. ಅಕ್ಕ ಎದ್ದು ನಿಂತಿದ್ದಳು. “ಕಂಡುಬಂದಿಲ್ಲ ಅಂತ ಬರೆದಿದೀನಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.”

ಕಾರ್ಯದರ್ಶಿಗಳು ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿದರು. “ನಿಮ್ಮ ವರದಿ ಇನ್ನೂರು ಪುಟ ಇದೆ ಅಮ್ಮ. ನಾವೂ ಮನುಷ್ಯರು. ಅದಕ್ಕೇ ಅಲ್ವಾ ಕೊಂಡಿ ಅಧಿಕಾರಿ ಅಂತ ಒಬ್ಬರನ್ನ ಇಟ್ಕೊಂಡಿರೋದು. ಏನ್ರೀ, ನೀವೇ ಹೇಳಿ.”

ಹದಿನೆಂಟು ತಲೆಗಳು ತಿರುಗಿದವು. ಅವನು ಎದ್ದ. ಎದ್ದದ್ದೇನೋ ನಿಜ, ಆ ಮಟ್ಟಿಗೆ ತನ್ನ ಕಾಲುಗಳ ಬಗ್ಗೆ ಅವನಿಗೆ ಹೆಮ್ಮೆಯೂ ಆಯಿತು.

“ಕಂಡುಬಂದಿಲ್ಲ ಅಂತ ಇರಬೇಕು ಸರ್.”

“ಸರಿ. ಯಾಕೆ ಕಂಡುಬಂದಿಲ್ಲ?”

ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಅಕ್ಕನೇ ಹೇಳಿದಳು, ಅವನಿಗೆ ದಾರಿ ಮಾಡಿಕೊಡುವವಳಂತೆ: “ನೀರು ತುಂಬಿತ್ತು ಸರ್. ನೀರು ಇಳಿದಾಗ ಹೋದ್ರೆ ಮಾತ್ರ ಬಯಲು ಕಾಣ್ಸುತ್ತೆ.”

“ಮೂರು ಸಲಾನೂ ತುಂಬಿತ್ತಾ?” ನಿರ್ದೇಶಕರು ನಕ್ಕರು, ಮೇಜಿನ ಉದ್ದಕ್ಕೂ ಆ ನಗು ತಟ್ಟೆಯ ಹಾಗೆ ಕೈಯಿಂದ ಕೈಗೆ ದಾಟಿತು. “ಇಪ್ಪತ್ತೈದು ವರ್ಷ ಕಡಲು ನೋಡಿದವರು, ನೀರಿಲ್ಲದ ದಿನ ನೋಡಿ ಹೋಗಬಾರದಿತ್ತಾ ಮೇಡಂ?”

ಅಕ್ಕನ ಮುಖ ಕೆಂಪಾಯಿತು. ಅವಳಿಗೆ ಕಡಲು ಗೊತ್ತಿಲ್ಲ ಎಂದು ಇದುವರೆಗೆ ಯಾರೂ ಅಂದಿರಲಿಲ್ಲ. ಚಿಪ್ಪು ಹೆಕ್ಕುವ ಹೆಂಗಸರೂ ನಾಳೆ ನೀರು ಎಷ್ಟೊತ್ತಿಗೆ ಇಳಿಯುತ್ತದೆಂದು ಅವಳನ್ನೇ ಕೇಳುತ್ತಿದ್ದರು.

“ದಿನ ನಾವು ಆರಿಸಿದ್ದಲ್ಲ,” ಎಂದಳು.

“ಮತ್ತೆ ಯಾರು ಆರಿಸಿದ್ದು?” ಕಾರ್ಯದರ್ಶಿಗಳು ಕೇಳಿದರು. ಅವರ ಧ್ವನಿಯಲ್ಲಿ ಕುತೂಹಲವಷ್ಟೇ ಇತ್ತು. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ, ಹಾಗಾದ್ರೆ ಇನ್ನೊಂದು ಸಲ ಹೋಗಿ ನೋಡ್ಕೊಂಡು ಬನ್ನಿ, ರೇಖೆ ಮುಂದಿನ ತಿಂಗಳು ನೋಡೋಣ, ಎಂದು ಅವರು ಹೇಳಿಬಿಡುತ್ತಿದ್ದರೋ ಏನೋ. ಅವರು ಕೆಟ್ಟವರಲ್ಲ, ಸೋಮಾರಿ ಅಷ್ಟೇ, ಮುಂದಕ್ಕೆ ಹಾಕುವುದೆಂದರೆ ಅವರಿಗೂ ಇಷ್ಟ. ಅದು ಅವನಿಗೆ ಆ ಹೊತ್ತಿನಲ್ಲೇ ಸ್ಪಷ್ಟವಾಗಿ ಗೊತ್ತಿತ್ತು. ಅಕ್ಕ ಉತ್ತರ ಹೇಳಲಿಲ್ಲ. ಅವನ ಕಡೆಗೂ ನೋಡಲಿಲ್ಲ, ನೋಡಿದರೆ ಬೆರಳು ಮಾಡಿ ತೋರಿಸಿದಂತೆ ಆಗುತ್ತದೆಂದು, ಎದುರಿನ ನಕ್ಷೆಯ ಮೇಲೆ ಕಣ್ಣು ನೆಟ್ಟು ನಿಂತಳು. ಹೇಳುವುದನ್ನು ಅವನಿಗೇ ಬಿಟ್ಟಿದ್ದಳು. ನಾನು ಎನ್ನುವ ಎರಡಕ್ಷರ ಗಂಟಲಿನವರೆಗೆ ಬಂದದ್ದು ಹೌದು. ಬಂದದ್ದು ಅಲ್ಲಿ ತನ್ನ ಸುತ್ತ ನೋಡಿತು, ನಿರ್ದೇಶಕರ ಅರ್ಧ ನಗುವನ್ನು ನೋಡಿತು, ಕೆಸರಿನಲ್ಲಿ ಬೋರಲು ಮಲಗಿದ ಬೆನ್ನನ್ನು ನೋಡಿತು.

“ಕಡತ ನೋಡಿ ಹೇಳ್ಬೇಕು ಸರ್,” ಎಂದ.

ಅಷ್ಟು ಸಲೀಸಾಗಿ ಬಂತು. ಇಪ್ಪತ್ತು ವರ್ಷದ ಸೇವೆಯಲ್ಲಿ ಸಾವಿರ ಸಲ ಹೇಳಿದ ಮಾತು, ಯಾರಿಗೂ ನೋವಾಗದ, ಯಾರಿಗೂ ಅನುಮಾನ ಬಾರದ ಮಾತು. ಕಾರ್ಯದರ್ಶಿಗಳು ತಲೆಯಾಡಿಸಿದರು. ಅಕ್ಕ ನಿಧಾನವಾಗಿ ಕೂತಳು. ಕುರ್ಚಿಗೆ ಅಂಟಿಸಿದ್ದ ಚೀಟಿ ಅವಳ ಸೆರಗಿಗೆ ಹತ್ತಿಕೊಂಡಿತು, ಅದನ್ನು ಬಿಡಿಸಿ ಮತ್ತೆ ಅದರ ಜಾಗಕ್ಕೇ ಅಂಟಿಸಿದಳು.

“ಈಗ ಅದೆಲ್ಲ ಕಡತ ಗಿಡತ ಬೇಡ,” ಎಂದು ಕಾರ್ಯದರ್ಶಿಗಳು ಕೈ ಒರೆಸಿಕೊಂಡರು. “ಮೇಡಂ ಅವರ ಮಾತಿಗೂ ಬೆಲೆ ಕೊಡೋಣ. ಅವರು ಕಂಡುಬಂದಿದ್ದರ ಬಗ್ಗೆ ಹೇಳ್ತಿದಾರೆ, ನೀವು ಇಲ್ಲ ಅಂತೀರಿ. ಎರಡನ್ನೂ ಸೇರಿಸಿ. ‘ಇಲ್ಲವೆಂದು ಕಂಡುಬಂದಿದೆ’ ಅಂತ ಬರ್ಕೊಳ್ಳಿ. ಇಬ್ಬರಿಗೂ ಸಮಾಧಾನ. ಏನಂತೀರಿ?”

ಚೆನ್ನಾಗಿದೆ ಸರ್, ಎಂದರು ನಿರ್ದೇಶಕರು. ಯಾರೋ, ವಿಜ್ಞಾನವೂ ಆಯ್ತು ನೀತಿಯೂ ಆಯ್ತು, ಎಂದರು. ಹಾಳೆಗಳ ಸರಭರ ಸದ್ದಿನ ನಡುವೆ ಅವನು ಬಗ್ಗಿ, ಹನ್ನೊಂದನೇ ಸಾಲಿನಲ್ಲಿ ‘ಇಲ್ಲ’ಕ್ಕೆ ಬಾಲ ಹಚ್ಚಿ ‘ಇಲ್ಲವೆಂದು’ ಮಾಡಿ, ಮುಂದೆ ‘ಕಂಡುಬಂದಿದೆ’ ಎಂದು ತನ್ನ ಕೈಯಾರೆ ಸೇರಿಸಿದ. ಪದ ಅವಳದೇ. ನೂರ ನಲವತ್ತಮೂರನೇ ಪುಟದಿಂದ ಎತ್ತಿ ತಂದು ತಲೆಕೆಳಗಾಗಿ ನಿಲ್ಲಿಸಿದ್ದಷ್ಟೇ. ನಕ್ಷೆಯ ಮೇಲೆ ನಿರ್ದೇಶಕರು ಕೆಂಪು ಪೆನ್ನಿನಿಂದ ರೇಖೆ ಎಳೆದರು. ಉತ್ತರದ ಬಯಲಿನ ಬಳಿ ಬಂದಾಗ ಅದು ಸರಾಗವಾಗಿ ದಕ್ಷಿಣಕ್ಕೆ ಬಾಗಿತು. ಸಭೆ ಮುಗಿದಾಗ ಹನ್ನೆರಡೂ ಆಗಿರಲಿಲ್ಲ, ಇಷ್ಟು ಚುರುಕಾಗಿ ಮುಗಿದ ಸಭೆ ಈ ವರ್ಷ ಇದೇ ಮೊದಲು ಎಂದು ಎಲ್ಲರೂ ಸಂತೋಷಪಟ್ಟರು. ನಿರ್ದೇಶಕರು ಅವನ ಹೆಗಲು ತಟ್ಟಿದರು.

ಅಕ್ಕ ಆಗಲೇ ಕಾರಿಡಾರಿನ ಕೊನೆ ತಲುಪಿದ್ದಳು. ಅವನು ಓಡಲಿಲ್ಲ, ಕಚೇರಿಯಲ್ಲಿ ಓಡಬಾರದು, ಆದರೆ ಓಡಿದಷ್ಟೇ ಬೇಗ ನಡೆದು ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ಕೈ ಅಡ್ಡ ಇಟ್ಟು ಒಳಗೆ ಸೇರಿದ. ಒಳಗೆ ಅವರಿಬ್ಬರೇ. ಉಕ್ಕಿನ ಗೋಡೆಯಲ್ಲಿ ಇಬ್ಬರ ಮುಖವೂ ಅಡ್ಡಡ್ಡ ಎಳೆದಂತೆ ಕಾಣುತ್ತಿತ್ತು, ಹಾಗೆ ಎಳೆದರೂ ಒಂದೇ ಮೂಗು, ಒಂದೇ ಗಲ್ಲ. ಬಯ್ಯುತ್ತಾಳೆ ಎಂದು ಅವನು ಕಾದ. ಏನೋ ಇದು, ಎನ್ನುತ್ತಾಳೆ. ನಿನಗೆ ಮಾನ ಮರ್ಯಾದೆ ಇದೆಯೇನೋ, ಎನ್ನುತ್ತಾಳೆ. ಕಪಾಳಕ್ಕೆ ಒಂದು ಬಿಟ್ಟರೂ ಬಿಟ್ಟಾಳು. ಅವಳ ಆ ‘ಏನೋ’ಗಾಗಿ ಅವನ ಇಡೀ ಮೈ ಬೇಡುತ್ತಿತ್ತು, ಅದೊಂದು ಬಂದರೆ ಅತ್ತುಬಿಡಬಹುದಿತ್ತು, ತಪ್ಪಾಯ್ತು ಅಕ್ಕ ಎನ್ನಬಹುದಿತ್ತು, ಮತ್ತೆ ಮೇಲೆ ಹೋಗಿ ಎಲ್ಲವನ್ನೂ ಹೇಳುತ್ತೇನೆಂದು ಆಣೆ ಮಾಡಬಹುದಿತ್ತು, ಅದರಲ್ಲಿ ಅರ್ಧವಾದರೂ ನಿಜವಾಗಿರುತ್ತಿತ್ತು. ಮೂರನೇ ಮಹಡಿ ದಾಟಿತು. ಎರಡನೇ ಮಹಡಿಯ ದೀಪ ಹತ್ತಿತು.

“ಅಕ್ಕ,” ಎಂದ.

ಅವಳು ಬಗಲಿನ ಚೀಲದ ಜಿಪ್ಪು ಎಳೆದಳು. ಅವನ ಕಡೆ ತಿರುಗಿ, ಶಾಂತವಾಗಿ, ಯಾವ ಕಚೇರಿಯವರೊಡನೆ ಮಾತಾಡುವಾಗಲೂ ಬಳಸುವ ಧ್ವನಿಯಲ್ಲಿ ಹೇಳಿದಳು:

“ಸಭೆಯ ನಡಾವಳಿ ಸಿದ್ಧವಾದ ಮೇಲೆ ನನಗೂ ಒಂದು ಪ್ರತಿ ಕಳಿಸಿಕೊಡಿ.”

ಅವನು ಅವಳ ಮುಖವನ್ನೇ ನೋಡಿದ. ಹುಬ್ಬು ಅಲುಗಲಿಲ್ಲ, ತುಟಿ ಕೊಂಕಲಿಲ್ಲ. ಲಿಫ್ಟಿನಲ್ಲಿ ಮೂರನೆಯವರು ಯಾರೂ ಇರಲಿಲ್ಲ. ಕೆಳಗಿನ ಮಹಡಿಯಲ್ಲಿ ಬಾಗಿಲು ತೆರೆಯಿತು, ಅವಳು ಅವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

“ನೀವು ಮೊದಲು ಇಳೀರಿ.”

ಏನಾದರೂ ಹೇಳಬೇಕಿತ್ತು, ಏನನ್ನಾದರೂ. ಹೇಳಿದ ಕೂಡ. ಯೋಚಿಸುವ ಮೊದಲೇ ಇಪ್ಪತ್ತು ವರ್ಷದ ಅಭ್ಯಾಸ ಅವನ ಬಾಯಿಂದ ತಾನಾಗಿ ಮಾತಾಡಿತು:

“ಆಗ್ಲಿ ಮೇಡಂ, ಕಳಿಸ್ತೀನಿ.”